ಒಂದು ಪ್ರೊಸೆಸರ್ ಕೆಟ್ಟರೆ ಎಕ್ಸ್‌ಚೇಂಜ್ ಪೂರ್ತಿ ನಿಲ್ಲುತ್ತದೆಯೇ?

ಪ್ರಶ್ನೆ: ಟೆಲಿಫೋನ್ ಎಕ್ಸ್‌ಚೇಂಜ್‌ನ ಕೆಲಸವನ್ನು ಅನೇಕ ಸಣ್ಣ ಪ್ರೊಸೆಸರ್‌ಗಳಿಗೆ ಹಂಚಿದ್ದು ಯಾಕೆ? ವೇಗದ ಒಂದೇ ಪ್ರೊಸೆಸರ್ ಸಾಕಿತ್ತಲ್ವಾ? ಒಂದು ಕೆಟ್ಟರೆ ನಡೆಯುತ್ತಿರುವ ಕರೆಗಳ ಗತಿ ಏನು?

ಉತ್ತರ: ವೇಗದ್ದು ಹಾಕಬಹುದು. ಆದರೆ ಆ ವೇಗ ಎಲ್ಲಿ ಖರ್ಚಾಗುತ್ತದೆ ನೋಡಿ. ಹಳೆಯ ಡಯಲ್ ಫೋನಿನಿಂದ ಸೆಕೆಂಡಿಗೆ ಸುಮಾರು 10 ಪಲ್ಸ್ ಬರುತ್ತವೆ; ಇವನ್ನು ಎಣಿಸಿಯೇ ಯಾವ ಅಂಕಿ ಡಯಲ್ ಆಯಿತು ಅಂತ ತಿಳಿಯಬೇಕು. ಪ್ರತಿ ಪಲ್ಸ್‌ನಲ್ಲಿ ಲೈನ್ ಸುಮಾರು 60 ಮಿಲಿಸೆಕೆಂಡ್ ಕಡಿದಿರುತ್ತದೆ, 40 ಮಿಲಿಸೆಕೆಂಡ್ ಕೂಡಿರುತ್ತದೆ. ಎಣಿಕೆ ತಪ್ಪಬಾರದೆಂದರೆ ಸುಮಾರು 10 ಮಿಲಿಸೆಕೆಂಡಿಗೊಮ್ಮೆ ಆ ಲೈನ್ ನೋಡಬೇಕು. ಉಳಿದ ಸಾವಿರಾರು ಲೈನ್‌ಗಳಲ್ಲಿ ಯಾರಾದರೂ ರಿಸೀವರ್ ಎತ್ತಿದರಾ ಅಂತಲೂ ನೋಡುತ್ತಲೇ ಇರಬೇಕು. ಹೆಚ್ಚಿನ ಸಲ ಅಲ್ಲಿ ಏನೂ ಬದಲಾಗಿರುವುದಿಲ್ಲ. ಕರೆಯನ್ನು ಯಾವ ದಾರಿಯಲ್ಲಿ ಕಳಿಸಬೇಕು ಎಂಬಂಥ ತಲೆ ಓಡಿಸುವ ಕೆಲಸ ಒಂದು ಕರೆಗೆ ಕೆಲವೇ ಸಲ ಬರುತ್ತದೆ. ಲೈನ್ ನೋಡುತ್ತಾ ಕೂರುವ ಕಾವಲು ಕೆಲಸಕ್ಕೆ ದುಬಾರಿ ಪ್ರೊಸೆಸರ್ ಸುಮ್ನೆ ದಂಡ.

ಎರಿಕ್ಸನ್ ಕಂಪನಿಯ ಎಎಕ್ಸ್‌ಇ ಎಂಬ ಎಕ್ಸ್‌ಚೇಂಜ್‌ನಲ್ಲಿ ಕಾವಲನ್ನು ಪ್ರಾದೇಶಿಕ ಪ್ರೊಸೆಸರ್‌ಗಳು ನೋಡಿಕೊಂಡವು, ತೀರ್ಮಾನ ಕೇಂದ್ರದಲ್ಲೇ ಉಳಿಯಿತು. 1982ರಲ್ಲಿ ಬಂದ ಅಮೆರಿಕದ 5ಇಎಸ್‌ಎಸ್ ಎಕ್ಸ್‌ಚೇಂಜ್ ಇನ್ನೂ ಮುಂದೆ ಹೋಯಿತು. ಕರೆಯ ಬಹುಪಾಲು ಕೆಲಸ ಅದರ ಸ್ವಿಚಿಂಗ್ ಮಾಡ್ಯೂಲ್‌ಗಳಲ್ಲೇ, ಅಂದರೆ ತಮ್ಮದೇ ಪ್ರೊಸೆಸರ್ ಇಟ್ಟುಕೊಂಡು ಒಂದಷ್ಟು ಲೈನ್ ನೋಡಿಕೊಳ್ಳುವ ಘಟಕಗಳಲ್ಲೇ, ಮುಗಿಯುತ್ತದೆ.

ಆದರೆ ನನಗೆ ವೇಗಕ್ಕಿಂತ ದೊಡ್ಡ ಲಾಭ ಅನ್ನಿಸುವುದು ಬೇರೆ. 1965ರ ಅಮೆರಿಕದ ಎಕ್ಸ್‌ಚೇಂಜ್ ನಂ. 1 ಇಎಸ್‌ಎಸ್‌ನಲ್ಲಿ ಎರಡು ಪ್ರೊಸೆಸರ್‌ಗಳು ಒಂದೇ ಪ್ರೋಗ್ರಾಮನ್ನು ಜೊತೆಜೊತೆಗೆ ಓಡಿಸಿ ಫಲಿತಾಂಶ ಹೋಲಿಸುತ್ತಿದ್ದವು. ಹಾರ್ಡ್‌ವೇರ್ ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ. ಪ್ರೋಗ್ರಾಮೇ ತಪ್ಪಿದ್ದರೆ? ಎರಡೂ ಒಂದೇ ತಪ್ಪು ಮಾಡುತ್ತವೆ. ಕೆಲಸ ಹಂಚಿದಲ್ಲಿ ಒಂದು ಮಾಡ್ಯೂಲ್ ಬಿದ್ದರೆ ಸಾಮಾನ್ಯವಾಗಿ ಅದರ ಲೈನ್‌ಗಳಷ್ಟೇ ಸತ್ತು, ಉಳಿದವು ನಡೆಯುತ್ತವೆ.

ಇನ್ನು ನಡೆಯುತ್ತಿರುವ ಕರೆ. ಮಾತು ಹೋಗುವುದು ಸ್ವಿಚ್‌ನ ದಾರಿಯಲ್ಲಿ, ನಿಯಂತ್ರಿಸುವ ಪ್ರೊಸೆಸರ್ ಒಳಗಿಂದಲ್ಲ. ಹಾಗಾಗಿ ಒಂದು ಕೆಟ್ಟಾಗ ಕೆಲಸ ವಹಿಸಿಕೊಳ್ಳುವ ಜೋಡಿ ಪ್ರೊಸೆಸರ್ ಬಳಿ ಕರೆಯ ದಾಖಲೆ ಇದ್ದರೆ ಮಾತು ಮುಂದುವರಿಯುತ್ತದೆ. ಡಯಲ್ ಮಾಡುತ್ತಿದ್ದವರು ಮಾತ್ರ ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು.

ಇದಕ್ಕೆ ಬೆಲೆಯೂ ಇದೆ. ಎರಡು ಮಾಡ್ಯೂಲ್‌ಗಳು ಒಂದೇ ಟ್ರಂಕ್‌ಗೆ (ಬೇರೆ ಎಕ್ಸ್‌ಚೇಂಜ್‌ಗೆ ಕರೆ ಒಯ್ಯುವ ಲೈನ್‌ಗೆ) ಒಟ್ಟಿಗೆ ಕೈ ಹಾಕಬಾರದು. ಅದಕ್ಕೇ ಪ್ರತಿ ಟ್ರಂಕ್‌ಗೂ ಒಂದೇ ಮಾಡ್ಯೂಲ್ ಯಜಮಾನ. ಬೇಕಾದ ಮಾಡ್ಯೂಲ್ ಅದಕ್ಕೆ ಸಂದೇಶ ಕಳಿಸಿ ಕೇಳಬೇಕು. 'ಕೆಲಸ ಮುಗಿಯಿತು, ಬಿಟ್ಟಿದ್ದೇನೆ' ಎಂಬ ಸಂದೇಶ ದಾರಿಯಲ್ಲಿ ಕಳೆದುಹೋದರೆ? ಯಾರೂ ಮಾತಾಡದಿದ್ದರೂ ಟ್ರಂಕ್ ಬಿಜಿ ಅಂತಲೇ ತೋರಿಸುತ್ತದೆ. ಇಂಥವು ಕೂಡುತ್ತಾ ಹೋದರೆ, ಎಲ್ಲ ಪ್ರೊಸೆಸರ್ ಸರಿಯಿದ್ದರೂ ಕರೆಗಳಿಗೆ ದಾರಿ ಸಿಗುವುದಿಲ್ಲ. ಆದ್ದರಿಂದ ಆಡಿಟ್ ಪ್ರೋಗ್ರಾಮ್‌ಗಳು ಆಗಾಗ ಎರಡೂ ಕಡೆಯ ದಾಖಲೆ ತಾಳೆ ನೋಡಿ, ವಾರಸುದಾರರಿಲ್ಲದ ಟ್ರಂಕ್‌ಗಳನ್ನು ಬಿಡಿಸುತ್ತವೆ.