ಅಮೆರಿಕದ ‘ಈವನ್ ಸ್ಟಾರ್ಟ್’ ಯೋಜನೆಗೆ ಸರ್ಕಾರಿ ಅನುದಾನ ನಿಂತಿದ್ದು ಯಾಕೆ?

ಬಡ ಮನೆಗಳ ಹೆತ್ತವರಿಗೂ ಮಕ್ಕಳಿಗೂ ಒಟ್ಟಿಗೇ ಓದು ಕಲಿಸುವ ಯೋಜನೆ ಇದು. 1988ರಲ್ಲಿ ಕಾನೂನಾಗಿ ಮರುವರ್ಷ ಶುರುವಾಯಿತು. ಚಿಕ್ಕ ಮಕ್ಕಳ ಕಲಿಕೆ, ದೊಡ್ಡವರ ಅಕ್ಷರಾಭ್ಯಾಸ, ಮಕ್ಕಳನ್ನು ಬೆಳೆಸುವ ತಿಳಿವಳಿಕೆ, ಜೊತೆಯಾಗಿ ಓದುವುದು: ನಾಲ್ಕೂ ಇರಲೇಬೇಕಿತ್ತು.

ಮೊದಲ ವರ್ಷದ ಖರ್ಚಿನಲ್ಲಿ ಶೇ 90ರವರೆಗೆ ಫೆಡರಲ್ ಸರ್ಕಾರದ್ದು. ಅದು ಇಳಿಯುತ್ತಾ ನಾಲ್ಕನೇ ವರ್ಷಕ್ಕೆ ಶೇ 60. ಉಳಿದದ್ದನ್ನು ಸ್ಥಳೀಯರೇ ಹೊಂದಿಸಬೇಕು (ನಗದೇ ಆಗಬೇಕೆಂದಿರಲಿಲ್ಲ). 2001ರ ಹೊತ್ತಿಗೆ ವಾರ್ಷಿಕ ಅನುದಾನ 25 ಕೋಟಿ ಡಾಲರ್ ಮುಟ್ಟಿತ್ತು.

ಮುಳುವಾದದ್ದು ಮೌಲ್ಯಮಾಪನ. ಸೇರಿದ ಕುಟುಂಬಗಳು ಸುಧಾರಿಸಿದ್ದು ನಿಜ, ಆದರೆ ಸೇರದಿದ್ದ ಅಂಥದೇ ಕುಟುಂಬಗಳೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದವು. ಇಷ್ಟಕ್ಕೇ ‘ಫೇಲು’ ಅನ್ನುವುದು ಅವಸರ ಅಂತ ನನಗನಿಸುತ್ತದೆ. ಹೋಲಿಕೆಯ ಗುಂಪಿನ ಕೆಲವರು ಬೇರೆ ಕಡೆ ಇಂಥದೇ ಪಾಠ ಪಡೆದಿದ್ದರು. ಸೇರಿದವರೂ ಒದಗಿಸಿದ ತರಗತಿಗಳಲ್ಲಿ ಅಲ್ಪ ಭಾಗಕ್ಕಷ್ಟೇ ಬಂದಿದ್ದರು. ಕೈಗೂಸು ಕಟ್ಟಿಕೊಂಡು ದುಡಿಯುವವರಿಗೆ ಹಾಜರಿ ಸುಲಭವೇ?

ಬುಷ್, ಒಬಾಮ ಇಬ್ಬರ ಬಜೆಟ್ ಪ್ರಸ್ತಾವಗಳೂ ಇದನ್ನು ಕೈಬಿಡಲು ಹೇಳಿದವು. 2011ರಲ್ಲಿ ಹಣ ನಿಂತಿತು. 2014ರ ಉದ್ಯೋಗ ಕೌಶಲ ಕಾಯ್ದೆಯಡಿ ವಯಸ್ಕರ ಶಿಕ್ಷಣದ ದುಡ್ಡಿನಲ್ಲೇ ಕುಟುಂಬ ಸಾಕ್ಷರತೆಗೂ ಅವಕಾಶವಿದೆ, ಪ್ರತ್ಯೇಕ ಅನುದಾನವಿಲ್ಲ.