ಮೊದಲು ನಿಲ್ಲಿಸಲು ಕಲಿಯಿರಿ: ಹೊಸ ಬೈಕ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಕುಮಟಾ ತಾಲೂಕಿನ ಒಳಹಳ್ಳಿಯೊಂದರಲ್ಲಿ ಶಿಕ್ಷಕಿ. ಬಸ್ಸಿಳಿದು ಮೂರು ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ನಡೆಯಬೇಕು. ಚಿಕ್ಕವಳಿದ್ದಾಗ ಸೈಕಲ್ ಹೊಡೆದದ್ದು ಬಿಟ್ಟರೆ ಬೇರೆ ಯಾವ ಗಾಡಿಯನ್ನೂ ಓಡಿಸಿಲ್ಲ. ಎತ್ತರ 5 ಅಡಿ 1 ಇಂಚು. ಮನೆಯಲ್ಲಿ ಯಜಮಾನರ 150 ಸಿಸಿ ಬೈಕಿದೆ. ಅದರಲ್ಲೇ ಕಲಿಯಲೇ, ಸೆಕೆಂಡ್ ಹ್ಯಾಂಡ್ 100 ಸಿಸಿ ಬೈಕು ಕೊಳ್ಳಲೇ?

ಉತ್ತರ: 100 ಸಿಸಿಯದನ್ನೇ ಕೊಳ್ಳಿ. ಸೈಕಲ್ ಬರುತ್ತದೆ ಎಂದರೆ ಸಮತೋಲನದ ಪಾಠ ಮುಗಿದಂತೆಯೇ. ನಿಮಗೆ ಹೊಸದಾಗಿ ಎದುರಾಗುವುದು ಗಾಡಿಯ ತೂಕ. 150 ಸಿಸಿ ಬೈಕುಗಳು ಸಾಮಾನ್ಯವಾಗಿ 140 ಕಿಲೋ ಆಸುಪಾಸು ಇರುತ್ತವೆ. ಹೀರೊ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕಿಲೋ, ಹೋಂಡಾ ಶೈನ್ 100 ಸುಮಾರು 99 ಕಿಲೋ. ಇವೆರಡರ ಸೀಟಿನ ಎತ್ತರವೂ 785 ಮಿಲಿಮೀಟರ್ ಆಸುಪಾಸು. ಓಡುವಾಗ ಮೂವತ್ತು ನಲವತ್ತು ಕಿಲೋ ಹೆಚ್ಚಿದ್ದರೆ ಗೊತ್ತೇ ಆಗುವುದಿಲ್ಲ. ನಿಲ್ಲಿಸುವಾಗ, ತಿರುಗಿಸಿಕೊಳ್ಳುವಾಗ, ಇಳಿಜಾರು ಅಂಗಳದಿಂದ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಹೊಸಬರು ಗಾಡಿ ಬೀಳಿಸಿಕೊಳ್ಳುವುದೂ ಹೆಚ್ಚಾಗಿ ಇಂಥಲ್ಲೇ, ನಡಿಗೆಯ ವೇಗದಲ್ಲೇ.

ಸ್ಕೂಟರ್ ಸುಲಭವಲ್ಲವೇ ಎಂದು ಮನೆಯವರು ಕೇಳಬಹುದು. ಟಾರು ರಸ್ತೆಗಾದರೆ ಹೌದು. ನಿಮ್ಮದು ಮಣ್ಣುರಸ್ತೆ. ಸ್ಕೂಟರಿನ ಚಕ್ರ 10–12 ಇಂಚು, ಈ ಬೈಕುಗಳದ್ದು 17–18 ಇಂಚು. ಮಳೆಗೆ ಕೊರೆದು ಹೋದ ಹಳ್ಳದಲ್ಲಿ, ಚಿರೇಕಲ್ಲಿನ ಚೂರಿನ ಮೇಲೆ ದೊಡ್ಡ ಚಕ್ರ ಹತ್ತಿ ಇಳಿಯುತ್ತದೆ, ಸಣ್ಣದು ಸಿಕ್ಕಿಕೊಳ್ಳುತ್ತದೆ.

ನೋಡಲು ಹೋಗುವಾಗ ಶಾಲೆಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ ಸೀಟಿನ ಮೇಲೆ ಕುಳಿತು ನೋಡಿ. ಎರಡೂ ಪಾದದ ಮುಂಭಾಗ ನೆಲಕ್ಕೆ ಊರಿದರೆ ಸಾಕು, ಹಿಮ್ಮಡಿ ತಾಗಬೇಕೆಂದಿಲ್ಲ. ಎಂಜಿನ್ ಆಫ್ ಮಾಡಿ, ಇಳಿದು, ಪಕ್ಕದಲ್ಲಿ ನಿಂತು ಗಾಡಿಯನ್ನು ಎಂಟರ ಆಕಾರದಲ್ಲಿ ತಳ್ಳಿಕೊಂಡು ಬನ್ನಿ. ಇದು ನಿಮ್ಮಿಂದಾದರೆ ಆ ಗಾಡಿ ನಿಮಗೆ ಭಾರವಲ್ಲ. ಓಡಿಸುವ ದಿನ ಮಾತ್ರ ಚಪ್ಪಲಿ ಬೇಡ, ಹಿಮ್ಮಡಿ ಮುಚ್ಚುವ ಶೂ ಇರಲಿ. ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿಕೊಳ್ಳಿ. ಚೈನು ಪೂರ್ತಿ ಮುಚ್ಚಿದ ಕವರ್ ಇರುವ ಗಾಡಿಯನ್ನೇ ಆರಿಸಿ. ತೆರೆದ ಚೈನಿಗೆ ಬಟ್ಟೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಕರಾವಳಿಯಲ್ಲಿ ಓಡಿದ ಹಳೆಯ ಗಾಡಿ ಕೊಳ್ಳುವಾಗ ಮೇಲಿನ ಹೊಳಪನ್ನು ನಂಬಬೇಡಿ. ಬಗ್ಗಿ ಸೈಲೆನ್ಸರಿನ ಅಡಿಭಾಗ, ಮಡ್‌ಗಾರ್ಡಿನ ಒಳಮೈ, ಸೆಂಟರ್ ಸ್ಟ್ಯಾಂಡಿನ ಬುಡ, ಪೆಟ್ರೋಲ್ ಟ್ಯಾಂಕಿನ ಒಳಭಾಗ ನೋಡಿ. ಉಪ್ಪುಗಾಳಿಯ ತುಕ್ಕು ಮೊದಲು ಹಿಡಿಯುವುದು ಇಲ್ಲಿಗೆ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಒಂದು ಕಡೆ ಕಟ್ಟೆಂದು ಕೂತಂತಾದರೆ ಹ್ಯಾಂಡಲ್ ಬೇರಿಂಗ್ ಸವೆದಿದೆ. ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರದ) ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನು ಸೆಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಹಣ ಕೊಡುವ ದಿನವೇ ಹೆಸರು ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿಸಿಕೊಳ್ಳಿ. ಆಮೇಲೆ ಮಾಡಿದರಾಯಿತು ಎಂದು ಬಿಟ್ಟರೆ, ಅಪಘಾತವಾದ ದಿನ ಗಾಡಿ ಇನ್ನೂ ಬೇರೆಯವರ ಹೆಸರಿನಲ್ಲೇ ಇರುತ್ತದೆ.

ಪ್ರಶ್ನೆ: ಶಿರಸಿಯಲ್ಲಿರುವ ನನಗೆ 28 ವರ್ಷ. ಕಲಿಯಲು ಶುರುಮಾಡಿ ಹತ್ತು ದಿನವಾಯಿತು. ಕ್ಲಚ್ಚು ಬಿಟ್ಟ ಕೂಡಲೇ ಗಾಡಿ ಆಫ್ ಆಗುತ್ತದೆ, ಇಲ್ಲವೇ ಹಾರಿದಂತೆ ಮುಂದಕ್ಕೆ ನುಗ್ಗುತ್ತದೆ. ಸಿಗ್ನಲಿನಲ್ಲಿ ಹಿಂದಿನವರು ಹಾರ್ನ್ ಹೊಡೆದರೆ ಕೈ ನಡುಗುತ್ತದೆ.

ಉತ್ತರ: ಹತ್ತು ದಿನ ರಸ್ತೆಯಲ್ಲಿ ಕಲಿತದ್ದೇ ತಪ್ಪಾಯಿತು. ಇನ್ನೊಂದು ವಾರ ರಸ್ತೆ ಬಿಟ್ಟು ಖಾಲಿ ಮೈದಾನಕ್ಕೆ ಬನ್ನಿ.

ಕ್ಲಚ್ಚೆಂದರೆ ಹಾಕುವ ಆರಿಸುವ ಸ್ವಿಚ್ಚಲ್ಲ. ಲಿವರಿನ ಓಟದಲ್ಲಿ ನಡುವೆ ಬೆರಳಗಲದಷ್ಟು ಜಾಗದಲ್ಲಿ ಎಂಜಿನ್ ಚಕ್ರವನ್ನು ಅರ್ಧಂಬರ್ಧ ಹಿಡಿದಿರುತ್ತದೆ. ಗಾಡಿ ಕದಲುವುದು ಅಲ್ಲೇ. ಆ ಜಾಗ ನಿಮ್ಮ ಬೆರಳಿಗೆ ಗೊತ್ತಾಗಬೇಕು. ಸಮತಟ್ಟು ನೆಲದಲ್ಲಿ ಎಂಜಿನ್ ಬಿಸಿಯಾದ ಮೇಲೆ, ಎರಡೂ ಕಾಲು ಊರಿ, ಕ್ಲಚ್ಚು ಪೂರ್ತಿ ಹಿಡಿದು ಫಸ್ಟ್ ಗೇರ್ ಹಾಕಿ. ರೇಸ್ ಕೊಡಲೇಬೇಡಿ. ಲಿವರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಡುತ್ತ ಬನ್ನಿ. ಎಂಜಿನ್ನಿನ ಸದ್ದು ಸ್ವಲ್ಪ ಕುಗ್ಗಿ ಗಾಡಿ ಒಂದು ಗೇಣು ಮುಂದಕ್ಕೆ ಜರುಗುತ್ತದೆ. ಆಗಲೇ ಮತ್ತೆ ಪೂರ್ತಿ ಹಿಡಿಯಿರಿ. ಕಾಲಿನಿಂದ ಹಿಂದಕ್ಕೆ ತಳ್ಳಿಕೊಂಡು ಇದನ್ನೇ ಮಾಡಿ. ದಿನಕ್ಕೆ ಮೂವತ್ತು ಸಲದಂತೆ ಎರಡು ದಿನ ಮಾಡಿ. ಬೇಸರ ಬರುತ್ತದೆ, ಆದರೂ ಬಿಡಬೇಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮೂರನೇ ದಿನ ಸ್ವಲ್ಪ ರೇಸ್ ಹಿಡಿದು, ಅದನ್ನು ಅಲುಗಿಸದೆ, ಅದೇ ಜಾಗದಲ್ಲಿ ಕ್ಲಚ್ಚನ್ನು ಎರಡು ಸೆಕೆಂಡ್ ತಡೆದು, ಕಾಲೆತ್ತಿ ಹತ್ತು ಮೀಟರ್ ಹೋಗಿ ನಿಲ್ಲಿ. ನಿಲ್ಲುವ ಕ್ರಮವನ್ನು ಹೊರಡುವುದಕ್ಕಿಂತ ಜಾಗ್ರತೆಯಾಗಿ ಕಲಿಯಿರಿ: ರೇಸ್ ಬಿಡಿ, ಎರಡೂ ಬ್ರೇಕ್ ಮೆಲ್ಲಗೆ ಒತ್ತಿ, ಕೊನೆಯ ಗಳಿಗೆಯಲ್ಲಿ ಕ್ಲಚ್ಚು ಹಿಡಿಯಿರಿ, ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕಿನ ಮೇಲೆಯೇ ಇರಲಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಇಪ್ಪತ್ತು ಮೀಟರ್ ಆಚೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಆ ಕಡೆಗೇ ಮಗುಚುತ್ತದೆ. ನಿಲ್ಲುವ ಮುನ್ನ ಹ್ಯಾಂಡಲ್ ನೇರ ಮಾಡಿಕೊಳ್ಳಿ.

ಆಮೇಲಿನ ಪಾಠ ನಿಧಾನದ್ದು. ಇಪ್ಪತ್ತು ಮೀಟರ್ ದೂರವನ್ನು ಎಷ್ಟು ತಡವಾಗಿ ದಾಟಬಲ್ಲಿರಿ ನೋಡಿ. ಹಿಂದಿನ ಬ್ರೇಕನ್ನು ತುಸು ಒತ್ತಿಟ್ಟುಕೊಂಡು ಕ್ಲಚ್ಚಿನ ಆ ಬೆರಳಗಲದಲ್ಲೇ ಆಡಿಸಿದರೆ ಗಾಡಿ ತೂರಾಡುವುದಿಲ್ಲ. ಲೈಸೆನ್ಸ್ ಟೆಸ್ಟಿನ ಎಂಟು ಹಾಕುವುದೂ ಇದೇ ವಿದ್ಯೆ. ಕ್ಲಚ್ಚು ಸವೆಯುತ್ತದೆಂದು ಹೆದರಬೇಡಿ. ಈ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ, ಇಷ್ಟನ್ನು ತಾಳಿಕೊಳ್ಳುತ್ತವೆ. ಕಾರಿನ ಆಯಿಲ್ ಹಾಕಿದರೆ ಮಾತ್ರ ಪ್ಲೇಟು ಜಾರಬಹುದು. ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೊ (JASO) ಎಂಎ ಅಥವಾ ಎಂಎ2 ಎಂದಿರುವುದನ್ನೇ ಕೊಳ್ಳಿ.

ಏರಿನಲ್ಲಿ ನಿಂತಾಗ ಗಾಡಿಯನ್ನು ಬಲಗಾಲಿನ ಬ್ರೇಕಿನಲ್ಲಿ ಹಿಡಿದಿಟ್ಟುಕೊಂಡು, ಕ್ಲಚ್ಚನ್ನು ಎಂಜಿನ್ ಸದ್ದು ಕುಗ್ಗುವವರೆಗೆ ಬಿಟ್ಟು, ರೇಸ್ ಕೊಟ್ಟು, ಕೊನೆಯಲ್ಲಿ ಬ್ರೇಕ್ ಬಿಡಿ. ಶಿರಸಿಯಲ್ಲಿ ಸಮತಟ್ಟು ಬೀದಿಗಿಂತ ಏರುಬೀದಿಯೇ ಹೆಚ್ಚು, ಇದು ದಿನಾ ಬೇಕಾಗುತ್ತದೆ.

ಗಾಡಿಯದ್ದೇ ದೋಷವಿರಬಹುದು ಎಂಬುದನ್ನೂ ನೋಡಿ. ಕ್ಲಚ್ ಲಿವರಿನ ತುದಿಯಲ್ಲಿ 10–20 ಮಿಲಿಮೀಟರ್ ಸಡಿಲ ಇರಬೇಕು. ಸಡಿಲ ತೀರಾ ಹೆಚ್ಚಾದರೆ ಲಿವರ್ ಪೂರ್ತಿ ಹಿಡಿದರೂ ಕ್ಲಚ್ಚು ಬಿಡುವುದಿಲ್ಲ, ಗೇರ್ ಹಾಕಿದೊಡನೆ ಗಾಡಿ ಎಗರುತ್ತದೆ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಎತ್ತದೆ ಗೇರ್ ಹಾಕಿದರೆ ಎಂಜಿನ್ ತಾನೇ ನಿಲ್ಲುತ್ತದೆ. ಕ್ಲಚ್ಚಿನ ತಪ್ಪೆಂದು ಅಳುಮುಖ ಮಾಡಿಕೊಂಡವರಲ್ಲಿ ಎಷ್ಟೋ ಜನ ಸ್ಟ್ಯಾಂಡನ್ನೇ ಎತ್ತಿರುವುದಿಲ್ಲ.

ಹಿಂದಿನವರ ಹಾರ್ನಿಗೆ ನೀವು ಏನೂ ಮಾಡಬೇಕಾಗಿಲ್ಲ. ಆಫ್ ಆದರೆ ಕ್ಲಚ್ಚು ಹಿಡಿದು ಸೆಲ್ಫ್ ಒತ್ತಿ, ಫಸ್ಟ್ ಗೇರಿನಲ್ಲಿದೆಯೇ ನೋಡಿ, ಹೊರಡಿ. ನಾಲ್ಕು ಸೆಕೆಂಡಿನ ಕೆಲಸ.

ಪ್ರಶ್ನೆ: ಬನವಾಸಿ ರಸ್ತೆಯಲ್ಲಿ ಧೈರ್ಯವಾಗಿ ಓಡಿಸುತ್ತೇನೆ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕೆಂದಿದೆ. ಇಳಿಯುವಾಗ ನ್ಯೂಟ್ರಲ್ ಮಾಡಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ ಗೆಳೆಯರು. ಸರಿಯೇ?

ಉತ್ತರ: ಸರಿಯಲ್ಲ, ಮತ್ತು ಅಪಾಯ. ಫ್ಯೂಯೆಲ್ ಇಂಜೆಕ್ಷನ್ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಗೇರಿನಲ್ಲೇ ಇದ್ದು ರೇಸ್ ಪೂರ್ತಿ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಾನಾಗಿ ಓಡಬೇಕಾದ್ದರಿಂದ ಪೆಟ್ರೋಲ್ ಸುಡುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ. ಕಳೆದುಕೊಳ್ಳುವುದು ಎಂಜಿನ್ನಿನ ತಡೆಯನ್ನು. ಆಗ ಗಾಡಿ ಮತ್ತು ನಿಮ್ಮ ತೂಕವನ್ನೆಲ್ಲ ಬ್ರೇಕ್ ಒಂದೇ ಹಿಡಿಯಬೇಕು. ತಿರುವಿಗೊಂದು ಸಲ ಒತ್ತುತ್ತ ಹೋದರೆ ಬ್ರೇಕ್ ಡ್ರಮ್ ಕಾಯ್ದು ಅದರೊಳಗೆ ಉಜ್ಜುವ ಲೈನರಿನ ಹಿಡಿತ ಕಡಿಮೆಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ವಾಸನೆ ಬಂದ ಕೂಡಲೇ ಅಗಲವಿರುವ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ, ನೀರು ಸುರಿಯಬೇಡಿ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. 100 ಸಿಸಿಯಲ್ಲಿ ದೇವಿಮನೆಯಂಥ ಘಟ್ಟಕ್ಕೆ ಎರಡು ಇಲ್ಲವೇ ಮೂರು, ಕಡಿದಾದ ಹಿಮ್ಮುರಿ ತಿರುವಿಗೆ ಎರಡು. ವೇಗ, ಗೇರು, ಬ್ರೇಕ್ ಎಲ್ಲವೂ ತಿರುವಿಗೆ ಮೊದಲೇ ಮುಗಿಯಬೇಕು. ತಿರುವಿನೊಳಗೆ ರೇಸನ್ನು ತುಸು ಹಿಡಿದಿಟ್ಟು, ತಿರುವಿನ ಕೊನೆಯನ್ನು ನೋಡುತ್ತ ಹೋಗಿ. ಕಣ್ಣು ನೆಟ್ಟ ಕಡೆಗೇ ಗಾಡಿ ಹೋಗುತ್ತದೆ. ಪ್ರಪಾತದ ಕಡೆ ನೋಡಿದವರ ಗಾಡಿ ಪ್ರಪಾತದ ಕಡೆಗೇ ಎಳೆಯುತ್ತದೆ. ಕಾಣದ ತಿರುವಿನಲ್ಲಿ ಹಾರ್ನ್ ಮಾಡಿ. ಮೇಲೆ ಬರುವ ಲಾರಿ ತಿರುಗಲು ನಿಮ್ಮ ಅರ್ಧ ರಸ್ತೆಯನ್ನೂ ತೆಗೆದುಕೊಳ್ಳುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ. ನೀವೇ ಮೊದಲು ನಿಂತು ಬಿಡಿ.

ಹೋಗುವ ಮೊದಲು ಬ್ರೇಕಿನ ಅಭ್ಯಾಸ ಆಗಲೇಬೇಕು. ನಿಮ್ಮ ಧೈರ್ಯಕ್ಕಿಂತ ಇದನ್ನೇ ನಾವು ಕೇಳುತ್ತೇವೆ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದು. ‘ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ’ ಎಂದು ಊರಲ್ಲಿ ಹೇಳಿಕೊಡುವುದುಂಟು. ಹಾಗೆ ಕಲಿತವರ ಗಾಡಿ ನಿಲ್ಲಲು ಸುಮಾರು ಎರಡು ಪಟ್ಟು ದೂರ ಬೇಕಾಗುತ್ತದೆ. ಬೀಳಿಸುವುದು ಬ್ರೇಕಲ್ಲ, ಗಬಕ್ಕನೆ ಹಿಡಿಯುವುದು. ಒದ್ದೆ ಬಟ್ಟೆ ಹಿಂಡುವಂತೆ ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ ಹಿಡಿಯಿರಿ. ಒಣ ರಸ್ತೆಯಲ್ಲಿ ಗುರುತು ಹಾಕಿ 20, 30, 40 ಕಿಲೋಮೀಟರ್ ವೇಗದಿಂದ ನಿಲ್ಲಿಸಿ ಹೆಜ್ಜೆ ಎಣಿಸಿ. 40ರಲ್ಲಿ ಕಣ್ಣಿಗೆ ಕಂಡದ್ದು ಕೈಗೆ ಬರುವ ಒಂದು ಸೆಕೆಂಡಿಗೆ 11 ಮೀಟರ್, ಒಳ್ಳೆಯ ಬ್ರೇಕಿಗೆ ಇನ್ನು 10 ಮೀಟರ್. 60ರಲ್ಲಿ ಅದೇ ಲೆಕ್ಕ 17 ಮತ್ತು 23 ಆಗಿ 40 ಮೀಟರ್ ಮುಟ್ಟುತ್ತದೆ. ಒದ್ದೆ ರಸ್ತೆಯಲ್ಲಿ 50 ದಾಟುತ್ತದೆ. ಘಟ್ಟದಲ್ಲಿ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲುವಂತಿರಬೇಕು.

ಒಟ್ಟು 500 ಕಿಲೋಮೀಟರ್ ಆದರೂ ಓಡಿಸಿದ ಮೇಲೆ, ಮಳೆಯಿಲ್ಲದ ಬೆಳಿಗ್ಗೆ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ ಹೋಗಿ. ಮಳೆಗಾಲದಲ್ಲಿ ರಸ್ತೆ ತೆರೆದಿದೆಯೇ ಕೇಳಿಕೊಂಡು ಹೊರಡಿ. ಜೋರು ಮಳೆ ಬಂದರೆ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ನೆನಪಿದೆ.

ಪ್ರಶ್ನೆ: ಕಾರವಾರದಲ್ಲಿ ಹೊಸ 125 ಸಿಸಿ ಬೈಕ್ ತೆಗೆದುಕೊಂಡಿದ್ದೇನೆ. ಮಳೆ ಮತ್ತು ಉಪ್ಪುಗಾಳಿಗೆ ಏನು ಮಾಡಬೇಕು?

ಉತ್ತರ: ಸಮುದ್ರದ ಮರಳಿನ ಮೇಲೆ ಓಡಿಸಲೇಬೇಡಿ. ಹಾಗೊಮ್ಮೆ ಹೋದರೆ ಅದೇ ದಿನ ಸಿಹಿನೀರಿನಲ್ಲಿ ಅಡಿಭಾಗ, ಚಕ್ರ, ಚೈನು ತೊಳೆಯಿರಿ. ಉಳಿದಂತೆ ಹದಿನೈದು ದಿನಕ್ಕೊಮ್ಮೆ ತೊಳೆದರೆ ಸಾಕು. ಜೋರು ಜೆಟ್ ನೀರನ್ನು ಚಕ್ರದ ಬೇರಿಂಗಿಗೆ ಹೊಡೆಯಬೇಡಿ, ಗ್ರೀಸ್ ಹೊರಟುಹೋಗುತ್ತದೆ. ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲಿನ್ ಸವರಿ. ಚೈನಿಗೆ 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಒರೆಸಿ 90 ನಂಬರಿನ ಗೇರ್ ಆಯಿಲ್ ಹಾಕಿ. ಕೆಳಗಿನ ಸಾಲಿನ ನಡುವೆ ಬೆರಳಿಂದ ಎತ್ತಿದರೆ 20–30 ಮಿಲಿಮೀಟರ್ ಆಡಬೇಕು. ಬಿಗಿ ಮಾಡಿದಷ್ಟೂ ಒಳ್ಳೆಯದೆಂದು ಮಾಡಿದರೆ ಗಾಡಿಯಲ್ಲಿ ಇಬ್ಬರು ಕೂತಾಗ ಚೈನು ಎಳೆದು ಬೇರಿಂಗ್ ಹಾಳಾಗುತ್ತದೆ. ನಿಮ್ಮ ಗಾಡಿಯ ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ, ಟಯರ್ ಗಾಳಿಯದ್ದೂ ಅಲ್ಲೇ. ಗಾಳಿಯನ್ನು ವಾರಕ್ಕೊಮ್ಮೆ, ಟಯರ್ ತಣ್ಣಗಿರುವಾಗ ನೋಡಿಸಿ.

ಜಾರುವ ಜಾಗಗಳನ್ನು ಗುರುತಿಟ್ಟುಕೊಳ್ಳಿ: ಮೊದಲ ಮಳೆಯ ಮೊದಲ ಹತ್ತು ನಿಮಿಷ, ಹೆದ್ದಾರಿಯ ಬಿಳಿ ಪಟ್ಟಿ, ಮೀನು ಲಾರಿಯಿಂದ ಸೋರಿದ ನೀರು, ನೆರಳಿನ ಹಳ್ಳಿರಸ್ತೆಯ ಹಾವಸೆ, ಬಿದ್ದ ಅಡಿಕೆ ಹಾಳೆ. ಇವುಗಳ ಮೇಲೆ ಬ್ರೇಕ್ ಬೇಡ, ವಾಲಿಸುವುದೂ ಬೇಡ. ನೇರವಾಗಿ ದಾಟಿ ಆಮೇಲೆ ಬ್ರೇಕ್ ಹಿಡಿಯಿರಿ. ರಾತ್ರಿ ಮಳೆ ಬಿಟ್ಟಾಗ ಬೆಚ್ಚಗಿನ ಟಾರಿನ ಮೇಲೆ ದನ ಮಲಗಿರುತ್ತವೆ. ಎದುರಿನ ಲೈಟಿಗೆ ಕಣ್ಣು ಕುಕ್ಕಿದರೆ ಎಡ ಅಂಚನ್ನು ನೋಡುತ್ತ ವೇಗ ಇಳಿಸಿ. ಹೆಲ್ಮೆಟ್ಟಿನ ಗಾಜು ಬಣ್ಣದ್ದಾಗಿರಬಾರದು. ಐಎಸ್‌ಐ ಗುರುತು, ಐಎಸ್ 4151 ಸಂಖ್ಯೆ ನೋಡಿ ಕೊಳ್ಳಿ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆತ್ತಿದರೆ ಕಳಚಿ ಬರಬಾರದು.

ಪ್ರಶ್ನೆ: ನನ್ನಲ್ಲಿ ಗೇರಿಲ್ಲದ ಸ್ಕೂಟರಿನ ಲೈಸೆನ್ಸ್ ಇದೆ. ಬೈಕಿಗೂ ಸಾಕೇ?

ಉತ್ತರ: ಸಾಲದು. ಗೇರ್ ಇರುವ ಬೈಕು ಬೇರೆ ವರ್ಗ. ಲೈಸೆನ್ಸ್ ಅರ್ಜಿಯ ಸಾರಥಿ ಜಾಲತಾಣದಲ್ಲಿ ಆ ವರ್ಗಕ್ಕೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿಕೊಂಡು, 30 ದಿನ ಕಳೆದ ಮೇಲೆ, ಅದರ 6 ತಿಂಗಳ ಅವಧಿ ಮುಗಿಯುವುದರೊಳಗೆ ಟೆಸ್ಟ್ ಕೊಟ್ಟು ಸೇರಿಸಿಕೊಳ್ಳಿ. ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿಯಲ್ಲಿ ಆರ್‌ಟಿಒ ಕಚೇರಿಗಳಿವೆ. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ 18 ಸೆಂಟಿಮೀಟರ್ ಚೌಕದ ಬಿಳಿ ಹಲಗೆಯಲ್ಲಿ ಕೆಂಪು ಎಲ್ ಇರಲಿ. ಕಲಿಸುವ ಲೈಸೆನ್ಸುದಾರರನ್ನು ಬಿಟ್ಟು ಬೇರೆಯವರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ.