ಬ್ಲಾಗ್ ಬರೆಯುತ್ತೇನೆ; ಪೀಡೆ ಅನ್ನಿಸದ ಹಾಗೆ ನಾಲ್ಕು ಜನಕ್ಕೆ ತಲುಪಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಕಡೆಯವರು, ಆರು ತಿಂಗಳಿಂದ ಊರಿನ ಸೊಪ್ಪು, ತಂಬುಳಿ, ಹಳೆ ಅಡುಗೆ ಅಂತ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೀರಿ. ಫೇಸ್‌ಬುಕ್ಕಿಗೂ ವಾಟ್ಸಾಪ್ ಗ್ರೂಪುಗಳಿಗೂ ಲಿಂಕ್ ಹಾಕಿದರೆ ಒಂದಿಬ್ಬರು ಹೆಬ್ಬೆರಳು ಒತ್ತುತ್ತಾರೆ, ಓದಿದವರು ಮಾತ್ರ ಕಾಣುವುದಿಲ್ಲ. ಜಾಸ್ತಿ ಹಾಕಿದರೆ ಕಿರಿಕಿರಿ, ಹಾಕದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಪೆರ್ಲದ ಹತ್ತಿರದವನು. ಅಡಿಕೆ ತೋಟ ನೋಡಿಕೊಂಡಿದ್ದೇನೆ. ಐದು ವರ್ಷದಿಂದ ನಮ್ಮ ಕಡೆಯ ಸುರಂಗಗಳ ಬಗ್ಗೆ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದೇ, ದೂರದ ಓದುಗರಿಗಾಗಿ ಹೇಳುತ್ತೇನೆ: ಗುಡ್ಡದ ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆ ಕಲ್ಲನ್ನು, ಅಡ್ಡಕ್ಕೆ ಕೊರೆದು ನೀರು ತೆಗೆಯುವ ದಾರಿ ಅದು. ಒಬ್ಬ ಮನುಷ್ಯ ನುಸುಳಿ ಹೋಗುವಷ್ಟು ಅಗಲ. ಪಂಪ್ ಬೇಡ, ಕರೆಂಟ್ ಬೇಡ. ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳುತ್ತದೆ.

ಮೊದಲ ವರ್ಷ ನಾನೂ ನೀವು ಮಾಡಿದ್ದನ್ನೇ ಮಾಡಿದೆ. ಒಂದು ಬೆಳಿಗ್ಗೆ ಇದ್ದಬದ್ದ ಗ್ರೂಪುಗಳಿಗೆಲ್ಲ ಒಂದೇ ಲಿಂಕ್ ಹಾಕಿ ತೋಟಕ್ಕೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದು ಫೋನ್ ನೋಡಿದರೆ ಕುಟುಂಬದ ಗ್ರೂಪಿನಲ್ಲಿ ನನ್ನ ಲಿಂಕಿನ ಮೇಲೆಯೇ ದೊಡ್ಡಮ್ಮನ ತಮ್ಮ ತೀರಿಕೊಂಡ ಸುದ್ದಿ ಇತ್ತು. ಎಲ್ಲರೂ ಕೈಮುಗಿದಿದ್ದರು. ಆ ಕೈಗಳ ನಡುವೆ ನನ್ನದು, "ಹೊಸ ಬರಹ, ತಪ್ಪದೆ ಓದಿ, ಶೇರ್ ಮಾಡಿ." ಗ್ರೂಪಿನಲ್ಲಿ ಯಾರೂ ಏನೂ ಹೇಳಲಿಲ್ಲ. ಸಂಜೆ ಭಾವ ಫೋನ್ ಮಾಡಿ, "ಅಲ್ಲಿ ಏನು ನಡೀತಾ ಇದೆ ಅಂತ ನೋಡಿ ಹಾಕು ಮಾರಾಯ" ಅಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಸರ ಇತ್ತು. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಆಮೇಲೆ ಎರಡು ತಿಂಗಳು ಎಲ್ಲಿಯೂ ಏನೂ ಹಾಕಲಿಲ್ಲ.

ಆ ಎರಡು ತಿಂಗಳಲ್ಲಿ ಯೋಚನೆ ಬಂದದ್ದು ನಮ್ಮ ಊರಿನ ಹೇಳಿಕೆಯ, ಅಂದರೆ ಮನೆಗೆ ಹೋಗಿ ಕರೆಯುವ ಕ್ರಮದ ಬಗ್ಗೆ. ಮದುವೆಗೋ ಪೂಜೆಗೋ ಹೇಳಿಕೆಗೆ ಹೋಗುವವರನ್ನು ನೀವು ನೋಡಿದ್ದೀರಿ, ಅಲ್ವಾ? ಮನೆಗೆ ಬರುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ. ಬೆಲ್ಲ ನೀರು ಕುಡಿಯುತ್ತಾರೆ. ಆ ಮನೆಯ ಸುದ್ದಿ ಮೊದಲು ಕೇಳುತ್ತಾರೆ: ಅಡಿಕೆಗೆ ಮದ್ದು ಬಿಟ್ಟಾಯಿತಾ, ಅಜ್ಜಿಯ ಕಾಲುನೋವು ಹೇಗಿದೆ. ಕೊನೆಗೆ ದಿನ ಹೇಳಿ, "ಮನೆಯವರೆಲ್ಲ ಮುಂಚಿತವಾಗಿ ಬಂದು ಸುಧಾರಿಸಿಕೊಡಬೇಕು" ಅಂತ ಹೇಳಿ ಏಳುತ್ತಾರೆ. ಮಾರನೇ ದಿನ ಫೋನ್ ಮಾಡಿ "ಬರ್ತೀರಾ, ಇಲ್ವಾ" ಅಂತ ಯಾರೂ ಕೇಳುವುದಿಲ್ಲ. ಹಾಗೆ ಮನೆಮನೆಗೆ ಹೋದರೂ ಅದು ಯಾರಿಗೂ ಪೀಡೆ ಅನ್ನಿಸುವುದಿಲ್ಲ. ಹೇಳದೆ ಬಿಟ್ಟರೇ ಬೇಜಾರು! ನನ್ನ ಲಿಂಕುಗಳಲ್ಲಿ ಇಲ್ಲದೇ ಇದ್ದದ್ದು ಇದೇ. ಯಾರ ಮನೆಗೂ ಹೋಗದೆ ದಾರಿಯಲ್ಲಿ ನಿಂತು ಎಲ್ಲರಿಗೂ ಒಟ್ಟಿಗೆ ಕೂಗುತ್ತಿದ್ದೆ.

ಆಮೇಲೆ ನಡೆದ ಒಂದು ಘಟನೆ ಹೇಳಲೇಬೇಕು. ಬಾಯಾರಿನ ಕಡೆ ಸುರಂಗ ತೋಡುವ ಒಬ್ಬ ಅಜ್ಜ ಇದ್ದಾರೆ. ಅವರ ಕೆಲಸದ ಬಗ್ಗೆಯೇ ನಾನು ಒಂದು ಬರಹ ಬರೆದಿದ್ದೆ. ಅವರಿಗೆ ಓದಲು ಬರುವುದಿಲ್ಲ. ಮನೆಯಲ್ಲಿ ಮೊಮ್ಮಗಳು ಓದುವುದು ಮಲಯಾಳಂ ಮಾಧ್ಯಮದಲ್ಲಿ, ಅವಳಿಗೆ ಕನ್ನಡ ಅಕ್ಷರ ಬಾರದು. ಲಿಂಕ್ ಕಳಿಸಿ ಏನು ಉಪಯೋಗ? ಬರಹದ ಸಾರವನ್ನು ತುಳುವಿನಲ್ಲಿ ಎರಡು ನಿಮಿಷ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿದೆ. ರಾತ್ರಿ ಮೊಮ್ಮಗಳ ಫೋನಿನಿಂದ ಅಜ್ಜನೇ ಮಾತಾಡಿದರು. ಒಳಗೆ ಹೋಗುವಾಗ ಬೆಳಕಿಗೆ ಮೊಂಬತ್ತಿ ಹಿಡಿದುಕೊಳ್ಳುತ್ತಾರೆ ಅಂತ ನಾನು ಹೇಳಿದ್ದು ಪೂರ್ತಿ ಸರಿಯಲ್ಲವಂತೆ. "ಬೆಳಕಿಗಿಂತ ಅದು ಉಸಿರಿಗೆ. ಬತ್ತಿ ನಂದಿತು ಅಂದರೆ ಗಾಳಿ ಮುಗಿಯಿತು ಅಂತ ಲೆಕ್ಕ. ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು" ಅಂದರು. ಅವತ್ತೇ ಕೂತು ಬರಹ ತಿದ್ದಿದೆ. ಅದನ್ನು ಅವರೇ ಹೇಳಿಕೊಟ್ಟದ್ದು ಅಂತಲೂ ಸೇರಿಸಿದೆ.

ಅಜ್ಜ ಆ ವಾಯ್ಸ್ ಮೆಸೇಜನ್ನು ಮನೆಗೆ ಬಂದವರಿಗೆಲ್ಲ ಕೇಳಿಸಿದರಂತೆ. ಮಂಗಳೂರಿನಲ್ಲಿರುವ ಅವರ ಮಗ ನನ್ನ ನಂಬರ್ ಹುಡುಕಿ, "ಅಪ್ಪನ ಬಗ್ಗೆ ಬರೆದದ್ದು ಎಲ್ಲಿದೆ, ಕಳಿಸಿ" ಅಂದ. ಗಲ್ಫಿನಲ್ಲಿರುವ ನೆಂಟರ ಗ್ರೂಪಿಗೂ ಅವನೇ ಹಾಕಿದ. ನಾನು ಒಬ್ಬರಿಗೆ ಮಾತ್ರ ಕೊಟ್ಟಿದ್ದೆ. ಅಷ್ಟು ಜನ ಓದಿದ ಬರಹ ನನ್ನದು ಅದಕ್ಕಿಂತ ಮುಂಚೆ ಒಂದೂ ಇರಲಿಲ್ಲ.

ಅಂದಿನಿಂದ ಪ್ರತಿ ಬರಹಕ್ಕೂ ಮೊದಲು ಕೇಳಿಕೊಳ್ಳುತ್ತೇನೆ: ಇದು ನಿಜವಾಗಿ ಯಾರಿಗೆ ಸೇರಿದ್ದು? ಐದಾರು ಹೆಸರು ಬಂದೇ ಬರುತ್ತವೆ. ಅವರಿಗೆ ಒಬ್ಬೊಬ್ಬರಿಗೇ ಎರಡು ಸಾಲು ಬರೆದು ಕಳಿಸುತ್ತೇನೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಆ ತಂಬುಳಿಯನ್ನು ನಿಮಗೆ ಕಲಿಸಿದ ಅತ್ತೆ, ಸೊಪ್ಪಿನ ಹೆಸರು ಹೇಳಿಕೊಟ್ಟ ತೋಟದ ಕೆಲಸದವರು, ಬೆಂಗಳೂರಿನಲ್ಲಿ ಕೂತು ಊರಿನ ಊಟ ನೆನೆಸುವ ಗೆಳತಿ. ಓದಲು ಬಾರದವರಿಗೆ ದನಿ ಕಳಿಸಿ. ನಮ್ಮ ಜಿಲ್ಲೆಯಲ್ಲಿ ಇದು ತುಂಬ ಮುಖ್ಯ. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿಕೊಂಡು, ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಯದೆ ಬೆಳೆದ ಮಕ್ಕಳು ಎಷ್ಟು ಮನೆಗಳಲ್ಲಿ ಇದ್ದಾರೆ ನೋಡಿ. ಅವರೂ ನಮ್ಮ ಓದುಗರೇ.

ಇನ್ನು ಗ್ರೂಪು. ಲಿಂಕ್ ಒತ್ತಿದರೆ ಮಾತ್ರ ವಿಷಯ ಸಿಗುವ ಹಾಗೆ ಮಾಡಬೇಡಿ. ಸಿಗಬೇಕಾದದ್ದು ಅಲ್ಲೇ ಸಿಗಲಿ. "ತಂಬುಳಿ ಬಗ್ಗೆ ಹೊಸ ಬರಹ, ದಯವಿಟ್ಟು ಓದಿ" ಅಂದರೆ ನನಗೂ ಓದಲು ಮನಸ್ಸು ಬರುವುದಿಲ್ಲ. ಅದರ ಬದಲು ಹೀಗೆ ಹಾಕಿ ನೋಡಿ: "ಮಳೆ ಹಿಡಿದ ಮೇಲೆ ತೋಟದ ಬದಿಯಲ್ಲಿ ತಿಮರೆ ಚೆನ್ನಾಗಿ ಹಬ್ಬಿದೆ. ಒಂದು ಹಿಡಿ ತಿಮರೆ, ನಾಲ್ಕು ಕಾಳು ಮೆಣಸು, ಸ್ವಲ್ಪ ಜೀರಿಗೆ, ತೆಂಗಿನ ತುರಿ ಸೇರಿಸಿ ರುಬ್ಬಿ, ಮಜ್ಜಿಗೆ, ಉಪ್ಪು ಹಾಕಿದರೆ ತಂಬುಳಿ ಆಯಿತು. ನಮ್ಮಲ್ಲಿ ತುಪ್ಪದ ಒಗ್ಗರಣೆ. ನಿಮ್ಮಲ್ಲಿ ಹೇಗೆ?" ಒಂದೆಲಗ ಅಂದರೆ ತಿಳಿಯುವವರಿಗೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಕೊನೆಯಲ್ಲಿ, ಬೇಕಾದವರಿಗೆ ಅಂತ ಲಿಂಕ್. ಒತ್ತದೇ ಇದ್ದವರಿಗೂ ಮಧ್ಯಾಹ್ನದ ಊಟಕ್ಕೆ ಒಂದು ತಂಬುಳಿ ಸಿಕ್ಕಿತಲ್ಲ. "ನಿಮ್ಮಲ್ಲಿ ಹೇಗೆ" ಅಂತ ಕೇಳಿದ ಮೇಲೆ ಉತ್ತರ ಬಂದರೆ, ಒಬ್ಬೊಬ್ಬರಿಗೂ ಮರುಮಾತು ಹೇಳಿ. ಅದು ತಪ್ಪಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಫಾರ್ವರ್ಡ್ ಮಾಡಬೇಡಿ. ಸುಳ್ಳು ಸುದ್ದಿಯ ಹಾವಳಿ ಜಾಸ್ತಿಯಾಗಿ 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟಿಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ಹಾಕಿತು. ಫಾರ್ವರ್ಡ್ ಗುರುತು ಕಂಡರೆ ಓದದೇ ದಾಟುವುದು ಜನರಿಗೆ ಅಭ್ಯಾಸವಾಗಿದೆ. ಕೃಷಿಕರ ಗ್ರೂಪಿಗೆ ಹೇಳುವ ಎರಡು ಸಾಲು ಬೇರೆ, ಶಾಲೆಯ ಹಳೆ ಗೆಳೆಯರ ಗ್ರೂಪಿಗೆ ಹೇಳುವುದು ಬೇರೆ. ಹೊಸತಾಗಿ ಟೈಪ್ ಮಾಡಲು ಐದು ನಿಮಿಷ ಸಾಕು. ಹಾಕುವ ಮುಂಚೆ ಮೇಲಿನ ಹತ್ತು ಮೆಸೇಜ್ ಓದಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಪ್ರತಿ ಬರಹವೂ ಬೇಕು ಅನ್ನುವವರಿಗಾಗಿ ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್, ಅಂದರೆ ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಪಟ್ಟಿ, ಮಾಡಿಕೊಳ್ಳಿ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ನಿಮ್ಮ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಕೆಲವರು ಇದನ್ನು ತೊಂದರೆ ಅನ್ನುತ್ತಾರೆ. ನನಗೆ ಇದು ತುಂಬ ಹಿಡಿಸಿದೆ: ಬೇಡದವರಿಗೆ ಹೋಗುವುದೇ ಇಲ್ಲ. "ತಿಂಗಳಿಗೆ ಎರಡು ಬರಹ ಕಳಿಸುತ್ತೇನೆ, ಬೇಕಿದ್ದರೆ ನಂಬರ್ ಸೇವ್ ಮಾಡಿಕೊಂಡು ಒಂದು ಮಾತು ಹೇಳಿ, ಸಾಕು ಅನ್ನಿಸಿದಾಗ ಅದನ್ನೂ ಹೇಳಿ" ಅಂತ ಒಮ್ಮೆ ತಿಳಿಸಿದರೆ ಆಯಿತು. ಸಾಕು ಅಂದವರನ್ನು ಅದೇ ದಿನ ತೆಗೆಯಿರಿ, ಕಾರಣ ಕೇಳಬೇಡಿ. ಕೇಳದೆ ಜನರನ್ನು ಹೊಸ ಗ್ರೂಪಿಗೆ ಎಳೆದು ತರುವುದಂತೂ ಬೇಡವೇ ಬೇಡ. ಸ್ಟೇಟಸ್‌ನಲ್ಲಿ ಧಾರಾಳವಾಗಿ ಹಾಕಿ. ಅದು 24 ಗಂಟೆ ಇರುತ್ತದೆ, ನೋಡಬೇಕು ಅನ್ನಿಸಿದವರು ಬಂದು ನೋಡುತ್ತಾರೆ.

ಫೇಸ್‌ಬುಕ್ಕಿನಲ್ಲಿ ನಲವತ್ತು ಜನರನ್ನು ಟ್ಯಾಗ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಬರಹದಲ್ಲಿ ಹೆಸರಿರುವವರನ್ನು ಮಾತ್ರ, ಅದೂ ಕೇಳಿಕೊಂಡು. ಇನ್‌ಸ್ಟಾಗ್ರಾಮಿನಲ್ಲಿ ಫೋಟೋದ ಕೆಳಗೆ ಲಿಂಕ್ ಬರೆದರೆ ಅದು ಒತ್ತಲು ಬರುವುದಿಲ್ಲ. ಪ್ರೊಫೈಲಿನಲ್ಲೋ ಸ್ಟೋರಿಯಲ್ಲೋ ಹಾಕಬೇಕು. ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿಯೇ ಹಾಕಿ, ಇಲ್ಲದಿದ್ದರೆ ಓದುವವರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ.

ಸಮಯದ ಬಗ್ಗೆ ಒಂದು ಮಾತು. ನಿಮ್ಮ ವಿಷಯಕ್ಕೆ ಇದು ದೊಡ್ಡ ಅನುಕೂಲ. ಪತ್ರೊಡೆಯ ಬರಹ ಮಾರ್ಚಿನಲ್ಲಿ ಹಾಕಿದರೆ ಚೆಂದ ಅಂತ ಹೇಳಿ ಮರೆಯುತ್ತಾರೆ. ತುಳುವರ ಆಟಿ ತಿಂಗಳು ಶುರುವಾಗುವಾಗ, ಜುಲೈ ನಡುವಿನಲ್ಲಿ, ಪತ್ರೊಡೆಗೆ ಬೇಕಾದ ಮರಕೆಸುವಿನ ಎಲೆ ಕೈಗೆ ಸಿಗುವ ಹೊತ್ತಿಗೆ ಹಾಕಿ. ಜನ ಫೋನನ್ನು ಅಡುಗೆಮನೆಗೇ ತೆಗೆದುಕೊಂಡು ಹೋಗುತ್ತಾರೆ. ಆಟಿ ಅಮಾವಾಸ್ಯೆಗೆ ಕುಡಿಯುವ, ಪಾಲೆ ಮರದ ತೊಗಟೆಯ ಕಷಾಯದ ಬಗ್ಗೆ ಬರೆಯುವುದಾದರೆ ನಾಲ್ಕು ದಿನ ಮುಂಚೆ ಹಾಕಿ, ಮರ ಗುರುತಿಸುವುದು ಹೇಗೆ ಅಂತ ಫೋಟೋ ಸಮೇತ. ಪಾಲೆ ಅಂತ ಬೇರೆ ಮರದ ತೊಗಟೆ ಕೆತ್ತಿ ತಂದರೆ ಅಪಾಯ. ಅಂಥ ಬರಹವನ್ನು ಜನ ತಾವಾಗಿಯೇ ಹಂಚುತ್ತಾರೆ. ಹಳೆ ಬರಹವನ್ನು ಮರುವರ್ಷ ಅದೇ ಕಾಲಕ್ಕೆ ಮತ್ತೆ ಹಾಕುವುದರಲ್ಲೂ ತಪ್ಪಿಲ್ಲ.

ಇನ್ನೊಂದು, ಬೇರೆಯವರು ಬರೆದದ್ದನ್ನು ಓದಿ. ಓದಿ ಮನಸ್ಸಿನಿಂದ ನಾಲ್ಕು ಮಾತು ಬರೆಯಿರಿ. ಅದರ ಕೆಳಗೆ ನಿಮ್ಮ ಲಿಂಕ್ ಅಂಟಿಸಬೇಡಿ. ಕೃಷಿಕರ ಗ್ರೂಪಿನಲ್ಲಿ ಒಬ್ಬರು ಸುರಂಗದ ಒಳಗೆ ಮಣ್ಣು ಕುಸಿದಿದೆ, ತೆಗೆಯುವುದು ಹೇಗೆ ಅಂತ ಕೇಳಿದ್ದರು. ನನಗೆ ತಿಳಿದದ್ದನ್ನೆಲ್ಲ ಅಲ್ಲೇ ಬರೆದೆ, ಅನುಭವ ಇರುವವರನ್ನು ಕರೆಸದೆ ಒಳಗೆ ಹೋಗಬೇಡಿ ಅಂತಲೂ ಹೇಳಿದೆ. ಲಿಂಕ್ ಕೊಡಲಿಲ್ಲ. ಎರಡು ದಿನ ಬಿಟ್ಟು ಅವರೇ ಕೇಳಿ ತೆಗೆದುಕೊಂಡರು. ಈಗ ನನ್ನ ಪ್ರತಿ ಬರಹಕ್ಕೂ ಮೊದಲ ಮಾತು ಅವರದೇ.

ನಿಮ್ಮ ಬ್ಲಾಗಿನ ಲಿಂಕನ್ನು ಪ್ರಶ್ನೆಯಲ್ಲಿ ನೀವು ಕೊಟ್ಟಿಲ್ಲ. ಸಂಕೋಚ ಮಾಡದೆ ಈ ಉತ್ತರದ ಕೆಳಗೆ ಹಾಕಿ. ನನ್ನ ಅಮ್ಮನಿಗೆ ಕಣ್ಣು ಮಂಜು, ರಾತ್ರಿ ನಾನು ಓದಿ ಹೇಳುತ್ತೇನೆ. ನೆಕ್ಕರೆ ಕುಡಿಯ ತಂಬುಳಿ ಅವರು ಮಾಡುವ ಕ್ರಮವೇ ಬೇರೆ. ನೀವು ಅದನ್ನು ಬರೆದಿದ್ದರೆ ಖಂಡಿತ ಏನಾದರೂ ಹೇಳುತ್ತಾರೆ. ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸುತ್ತೇನೆ.